ಎರಡನೆಯ ನೋಟಕ್ಕೆ ಸಿಕ್ಕ ಆನೆ

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ಒಂದು ಆನೆ ಇದೆ. ಹೋದವರೆಲ್ಲ ಮೊದಲು ನೋಡುವುದು ಆನೆಯನ್ನೇ. ಸೊಂಡಿಲು, ಕಿವಿ, ಕಾಲು, ಬಾಲ ಎಲ್ಲವೂ ಇರಬೇಕಾದಲ್ಲೇ ಇವೆ. ಆಮೇಲೆ ಪಕ್ಕದಲ್ಲಿದ್ದ ಯಾರಾದರೂ ‘ಸರಿಯಾಗಿ ನೋಡಿ’ ಎನ್ನುತ್ತಾರೆ. ಯಾರೂ ಹೇಳದಿದ್ದರೆ ಕಣ್ಣೇ ಎಲ್ಲೋ ಒಂದು ಕಡೆ ಎಡವುತ್ತದೆ. ಕಾಲೆಂದುಕೊಂಡಲ್ಲಿ ಒಂದು ಸೀರೆಯ ನೆರಿಗೆ, ಬೆನ್ನೆಂದುಕೊಂಡಲ್ಲಿ ಒಂದು ಬಾಗಿದ ಮೈ. ಅಷ್ಟು ಸಿಕ್ಕರೆ ಸಾಕು, ಒಬ್ಬೊಬ್ಬರಾಗಿ ಒಂಬತ್ತು ಹೆಂಗಸರು ಆನೆಯೊಳಗಿಂದ ಎದ್ದು ಬರುತ್ತಾರೆ. ನವನಾರೀಕುಂಜರ. ಅದರ ಜೊತೆಗೆ ಐವರು ಹೆಂಗಸರು ಸೇರಿ ಆದ ಕುದುರೆಯೂ ಅಲ್ಲುಂಟು, ಪಂಚನಾರೀತುರಗ. ಹದಿನೇಳನೆಯ ಶತಮಾನದ ಕೆತ್ತನೆ.

ನಮ್ಮಲ್ಲೇ ಮೊದಲು ಎಂಬ ಜಂಬಕ್ಕಾಗಿ ಇದನ್ನು ಹೇಳುತ್ತಿಲ್ಲ. ನಾರೀಕುಂಜರ ರಾಜಸ್ಥಾನದ ಚಿಕಣಿ ಚಿತ್ರಗಳಲ್ಲಿದೆ, ತಮಿಳುನಾಡಿನ ದೇಗುಲಗಳಲ್ಲಿದೆ. ನನ್ನ ಬೆರಗು ಬೇರೆ. ಆನೆಯನ್ನು ಕೆತ್ತುವುದು ಒಂದು ಕಸುಬು, ಹೆಣ್ಣನ್ನು ಕೆತ್ತುವುದು ಇನ್ನೊಂದು. ಒಂದನ್ನು ನೋಡುತ್ತಿರುವವನಿಗೆ ಇನ್ನೊಂದು ಎಷ್ಟು ಹೊತ್ತಿಗೆ ಕಾಣಬೇಕು ಎಂದು ಲೆಕ್ಕ ಹಾಕುವುದು ಮೂರನೆಯದು. ಹೆಂಗಸರು ತಟ್ಟನೆ ಕಂಡುಬಿಟ್ಟರೆ ಆನೆಯೇ ಇಲ್ಲ. ಕೊನೆಯವರೆಗೂ ಕಾಣದೇ ಹೋದರೆ ಕೆತ್ತಿದವನ ಶ್ರಮವೆಲ್ಲ ನೀರಿನಲ್ಲಿ ಹೋಮ. ಈ ನಡುವಿನ ತಡವನ್ನು ಆ ಬಡಗಿ ಉಳಿಯ ತುದಿಯಲ್ಲಿ ಅಳೆದದ್ದಾದರೂ ಹೇಗೆ? ಕೆಲಸದ ಅರ್ಧವನ್ನು ಅವನು ಮರದಲ್ಲಿ ಮುಗಿಸಿ, ಉಳಿದರ್ಧವನ್ನು ನೋಡುವವನ ತಲೆಗೆ ಬಿಟ್ಟುಕೊಟ್ಟಿದ್ದಾನೆ. ‘ಹೋ!’ ಎಂದು ನಾವು ಉದ್ಗರಿಸುವುದು ಆ ಅರ್ಧವನ್ನು ನಾವೇ ಮಾಡಿ ಮುಗಿಸಿದ ಖುಷಿಗೆ.

ಜಾಹೀರಾತಿನವರು ಇವತ್ತು ಹಗಲು ರಾತ್ರಿ ಹುಡುಕುವುದು ಇದೇ ‘ಹೋ’ವನ್ನು. 1994ರಲ್ಲಿ ಅಮೆರಿಕದ ಲಿಂಡನ್ ಲೀಡರ್ ಎಂಬ ವಿನ್ಯಾಸಕ ಫೆಡೆಕ್ಸ್ ಕಂಪನಿಗೆ ಲಾಂಛನ ಬರೆದುಕೊಟ್ಟ. ಅದರ ಕೊನೆಯ ಎರಡು ಅಕ್ಷರಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಬಾಣ ಅಡಗಿದೆ. ಲೋಕವೆಲ್ಲ ಓಡಾಡುವ ಆ ಲಾರಿಗಳನ್ನು ವರ್ಷಗಟ್ಟಲೆ ನೋಡಿದವರಿಗೂ ಬಾಣ ಕಂಡಿರುವುದಿಲ್ಲ. ಕಂಡ ಮೇಲೆ ಅದನ್ನು ಕಾಣದೆ ಇರುವುದಕ್ಕೆ ಆಗುವುದಿಲ್ಲ. ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲಿ ಹೂದಾನಿಯೂ ಹೌದು, ಎದುರುಬದುರಾದ ಎರಡು ಮುಖಗಳೂ ಹೌದು ಎನ್ನುವ ಚಿತ್ರವಿಟ್ಟುಕೊಂಡು ಕಣ್ಣಿನ ಈ ಆಟವನ್ನು ಶಾಸ್ತ್ರವಾಗಿ ವಿವರಿಸಿದ. ಚೌಟರ ಬಡಗಿಗೆ ಶಾಸ್ತ್ರದ ಹಂಗಿರಲಿಲ್ಲ. ಕೆಲಸ ಒಪ್ಪಿಸಿದ ಅರಸನೊಬ್ಬನಿದ್ದ, ಒಂದು ಮರದ ಕಂಬವಿತ್ತು, ದಿನವೂ ಅದರ ಎದುರು ಹಾದುಹೋಗುವ ಜನವಿದ್ದರು.

ಅಲ್ಲಿಂದ ಸಾವಿರ ಕಂಬದ ಬಸದಿ ದೂರವಿಲ್ಲ. 1430ರಲ್ಲಿ ಕಟ್ಟಿದ್ದು. ಒಂದರಂತೆ ಇನ್ನೊಂದು ಕಂಬವಿಲ್ಲ ಎಂದು ಊರಿಗೆ ಬಂದವರಿಗೆಲ್ಲ ಹೇಳುತ್ತೇವೆ, ಅವರೂ ತಲೆಯಾಡಿಸಿ ಎರಡು ಕಂಬ ನೋಡಿ ಫೋಟೋ ತೆಗೆದು ಹೋಗುತ್ತಾರೆ. ನಾನು ಹೋದಾಗ ಕಂಬಗಳಿಗಿಂತ ಹೆಚ್ಚು ಹೊತ್ತು ನಿಲ್ಲುವುದು ಭೈರಾದೇವಿ ಮಂಟಪದ ತಳಭಾಗದ ಹತ್ತಿರ. ಅಲ್ಲಿ ಒಂದು ಜಿರಾಫೆ ಉಂಟು, ಚೀನಾದ ಡ್ರ್ಯಾಗನ್ ಉಂಟು. ಈ ಊರಿನ ಶಿಲ್ಪಿ ಜಿರಾಫೆಯನ್ನು ಎಲ್ಲಿ ನೋಡಿರಬೇಕು? ಕರಾವಳಿಯ ಬಂದರಿಗೆ ಬಂದ ಅರಬರೋ ಚೀನೀಯರೋ ಬಾಯಲ್ಲಿ ಹೇಳಿದ್ದಿರಬಹುದು, ಬಟ್ಟೆಯ ಮೇಲೋ ಪಿಂಗಾಣಿಯ ಮೇಲೋ ಒಂದು ಗೆರೆ ಕಂಡಿರಬಹುದು. ಉದ್ದ ಕತ್ತು, ನಾಲ್ಕು ಕಾಲು, ಅಷ್ಟೇ ಮಾಹಿತಿ. ಅಷ್ಟರಲ್ಲೇ ಅವನು ಒಂದು ಪ್ರಾಣಿಯನ್ನು ನಿಲ್ಲಿಸಿದ, ಐನೂರು ಚಿಲ್ಲರೆ ವರ್ಷ ಕಳೆದ ಮೇಲೂ ಶಾಲೆಯ ಮಕ್ಕಳು ಅದರ ಹೆಸರು ಹಿಡಿದು ಕೂಗುತ್ತಾರೆ. ಗಿರಾಕಿಯ ಅರೆಬರೆ ಮಾತು ಕೇಳಿ ಸಂಜೆಯೊಳಗೆ ಚಿತ್ರ ಮಾಡಿಕೊಡುವ ಇವತ್ತಿನ ವಿನ್ಯಾಸಕನಿಗೆ ಆ ಶಿಲ್ಪಿ ಹತ್ತಿರದ ನೆಂಟ.

ನಾನು ಕೆಲವು ವರ್ಷ ಬಿ.ಸಿ. ರೋಡಿನ ಕಡೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿದವನು. ಆದ್ದರಿಂದ ಕಲೆಯ ಬಗ್ಗೆ ಮಾತಾಡುವಾಗಲೂ ನನ್ನ ಮೂಗಿಗೆ ಬರುವುದು ಶಾಯಿಯ ವಾಸನೆ. ಕೋರಲ್ ಡ್ರಾ, ಪೇಜ್‌ಮೇಕರ್, ಶ್ರೀಲಿಪಿ, ನುಡಿ ಎಂಬ ನಾಲ್ಕು ದೇವತೆಗಳು ನಡೆಸುತ್ತಿದ್ದ ಸಂಸಾರ ಅದು. ಮದುವೆ ಕಾಗದಕ್ಕೆ ಒಂದೇ ಗಣಪತಿ, ಒಂದೇ ಬಳ್ಳಿಯ ಅಂಚು. ವಧೂವರರು ಬದಲಾಗುತ್ತಿದ್ದರು, ಗಣಪತಿ ಬದಲಾಗುತ್ತಿರಲಿಲ್ಲ. ಸಾವಿರ ಕಂಬಕ್ಕೆ ಸಾವಿರ ಕಲ್ಪನೆ ಮಾಡಿದ ಸೀಮೆಯಲ್ಲಿ ಹೀಗೆ ಎಂದು ಬೇಸರಪಡುವುದು ಸುಲಭ. ಆದರೆ ಆ ಕಂಬಗಳ ಹಿಂದೆ ದಾನಿಗಳ ಸಾಲೇ ಇತ್ತು. ನಮ್ಮ ಗಿರಾಕಿಗೆ ಮುನ್ನೂರು ಕಾಗದ ನಾಳೆ ಬೆಳಗ್ಗೆಗೆ ಬೇಕಿತ್ತು.

ಈ ಆತುರದ ನಡುವೆಯೂ ಬೆರಗು ಹುಟ್ಟುತ್ತಿದ್ದದ್ದುಂಟು. ಬಸ್ಸಿನ ಬೋರ್ಡು ಬರೆಯುತ್ತಿದ್ದವರನ್ನು ನೆನಪಿಸಿಕೊಳ್ಳುತ್ತೇನೆ. ‘ಬೆಳ್ತಂಗಡಿ’ಯಲ್ಲಿ ಳಕಾರದ ಕೆಳಗೆ ತಕಾರ ಇಳಿಯುತ್ತದೆ, ‘ಬಂಟ್ವಾಳ’ದಲ್ಲಿ ಟಕಾರದ ಕೆಳಗೆ ವಕಾರ ತೂಗುತ್ತದೆ. ತಗಡಿನ ಅಗಲ ಒಂದು ಗೇಣು. ಅಕ್ಷರವನ್ನು ದೊಡ್ಡದು ಮಾಡಿದರೆ ಒತ್ತಿಗೆ ಜಾಗವಿಲ್ಲ, ಒತ್ತಿಗೆ ಜಾಗ ಕೊಟ್ಟರೆ ದೂರದಲ್ಲಿ ನಿಂತ ಅಜ್ಜಿಗೆ ಕಾಣುವುದಿಲ್ಲ. ಆ ಕಲಾವಿದರು ಒತ್ತಕ್ಷರವನ್ನು ಸ್ವಲ್ಪ ಬಲಕ್ಕೆ ಸರಿಸಿ, ಪಕ್ಕದ ಅಕ್ಷರದ ಹೊಟ್ಟೆಯ ಕೆಳಗಿನ ಖಾಲಿಯೊಳಗೆ ಮಲಗಿಸುತ್ತಿದ್ದರು. ಇದನ್ನು ಯಾವ ಕಾಲೇಜೂ ಅವರಿಗೆ ಕಲಿಸಿರಲಿಲ್ಲ. ಈಗ ರೇಡಿಯಂ ಸ್ಟಿಕ್ಕರ್ ಬಂದಿದೆ, ಕಂಪ್ಯೂಟರ್ ಕತ್ತರಿಸಿ ಕೊಡುತ್ತದೆ, ಒತ್ತು ತಾನು ಬಿದ್ದಲ್ಲಿ ಬಿದ್ದಿರುತ್ತದೆ.

ಅದಕ್ಕಿಂತ ಹಳೆಯದು ಯಕ್ಷಗಾನದ ಕರಪತ್ರ. ಟಿಕೆಟಿನ ಡೇರೆ ಮೇಳಗಳು ಊರೂರು ತಿರುಗುತ್ತಿದ್ದ ಕಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಮೈಕು ಕಟ್ಟಿದ ಕಾರು ಬರುತ್ತಿತ್ತು. ಕಿಟಕಿಯಿಂದ ಗುಲಾಬಿ, ಹಳದಿ, ಹಸಿರು ಕಾಗದಗಳು ಗಾಳಿಗೆ ಹಾರುತ್ತಿದ್ದವು. ಹಿಂದೆ ಮಕ್ಕಳ ದಂಡು. ತೆಳ್ಳಗಿನ ಅಗ್ಗದ ಕಾಗದ, ಒಂದೇ ಬಣ್ಣದ ಶಾಯಿ, ಮೊಳೆಗಳು ಸವೆದು ಕೆಲವು ಅಕ್ಷರದ ಕೊಂಬು ಮುರಿದಿರುತ್ತಿತ್ತು. ಆದರೂ ಅದರಲ್ಲಿ ಒಂದು ಕ್ರಮ. ಪ್ರಸಂಗದ ಹೆಸರು ನಡುವೆ ದಪ್ಪಕ್ಷರದಲ್ಲಿ, ಭಾಗವತರ ಹೆಸರು ಮೇಲೆ, ಹಾಸ್ಯಗಾರರಿಗೆ ಒಂದು ಪ್ರತ್ಯೇಕ ಪೆಟ್ಟಿಗೆ. ಕತೆಯನ್ನು ಸ್ವಲ್ಪ ಹೇಳಿ, ಸರಿಯಾದ ಜಾಗದಲ್ಲಿ ಪ್ರಶ್ನಚಿಹ್ನೆ ಹಾಕಿ ನಿಲ್ಲಿಸುವುದು. ತಂಗಿಯ ಶಪಥ ಏನಾಯಿತು? ಕಾಡಿನಲ್ಲಿ ಸಿಕ್ಕಿದ ಆ ತರುಣ ಯಾರು? ಕೊನೆಯಲ್ಲಿ ‘ಮರೆಯದಿರಿ! ಮರೆತು ನಿರಾಶರಾಗದಿರಿ!’ ಎಂಬ ಬೆದರಿಕೆಯಂಥ ಆದರ. ಈಸಿಚೇರು, ಕುರ್ಚಿ, ನೆಲ ಎಂಬ ದರಪಟ್ಟಿ ಎಲ್ಲಕ್ಕಿಂತ ಕೆಳಗೆ, ಸಣ್ಣದಾಗಿ. ಆಸೆ ಹುಟ್ಟಿಸುವುದು ಮೊದಲು, ದುಡ್ಡಿನ ಮಾತು ಆಮೇಲೆ. ಇದನ್ನು ಬರೆದವರು ಮೇಳದ ಮ್ಯಾನೇಜರೋ ಪ್ರೆಸ್ಸಿನ ಮಾಲಕರೋ ಆಗಿರುತ್ತಿದ್ದರು. ಕಾಗದದ ಮೇಲೆ ಅವರ ಹೆಸರಿರುತ್ತಿರಲಿಲ್ಲ. ಜಾಹೀರಾತಿನ ಭಾಷೆಯ ಬಗ್ಗೆ ಕನ್ನಡದಲ್ಲಿ ಯಾರಾದರೂ ಗಟ್ಟಿ ಪುಸ್ತಕ ಬರೆಯುವುದಾದರೆ ಮೊದಲ ಅಧ್ಯಾಯ ಈ ಕರಪತ್ರಗಳದ್ದಾಗಬೇಕು ಎನ್ನುವುದು ನನ್ನ ಹಠ.

ಕರಪತ್ರ ಏನನ್ನೋ ಬಚ್ಚಿಡುತ್ತಿತ್ತು. ಏನನ್ನೂ ಬಚ್ಚಿಡದ ಕಾಗದವೆಂದರೆ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ. ನಮ್ಮ ಸೀಮೆಯವರಿಗೆ ಇದರ ಬಗ್ಗೆ ಹೇಳಬೇಕಾಗಿಲ್ಲ. ತಂತ್ರಿಗಳು, ಆನುವಂಶಿಕ ಮೊಕ್ತೇಸರರು, ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರುಗಳು, ಹೊರೆಕಾಣಿಕೆ ಸಮಿತಿಯ ಸಂಚಾಲಕರು, ಅನ್ನಸಂತರ್ಪಣೆಯವರು, ಚಪ್ಪರದವರು, ಕೊನೆಗೆ ಮುಂಬೈ ಸಮಿತಿ. ಒಬ್ಬರ ಭಾವಚಿತ್ರ ಇನ್ನೊಬ್ಬರದ್ದಕ್ಕಿಂತ ಕಡಲೆಯಷ್ಟು ದೊಡ್ಡದಾದರೂ ರಾತ್ರಿಯೊಳಗೆ ಪ್ರೆಸ್ಸಿಗೆ ಫೋನು. ಒಮ್ಮೆ ನಮ್ಮ ಹುಡುಗನೊಬ್ಬ ಮುಖಪುಟದಲ್ಲಿ ದೇವರ ಹೆಸರಷ್ಟನ್ನೇ ಇಟ್ಟು ಸುತ್ತ ಜಾಗ ಬಿಟ್ಟಿದ್ದ. ನನಗೆ ಬಹಳ ಇಷ್ಟವಾಗಿತ್ತು. ಸಮಿತಿಯ ಹಿರಿಯರು ಬಂದು ಕನ್ನಡಕ ಏರಿಸಿ ನೋಡಿದರು.

‘ಇದೆಂತ ಮಾರಾಯ್ರೆ, ಇಷ್ಟು ಜಾಗ ಖಾಲಿ ಬಿಟ್ಟದ್ದು? ಇನ್ನೂ ನಾಲ್ಕು ಜನರ ಹೆಸರು ಹಿಡಿಯುತ್ತದಲ್ಲ!’

‘ಕಣ್ಣಿಗೆ ಸ್ವಲ್ಪ ಉಸಿರಾಡಲಿಕ್ಕೆ ಅಂತ...’ ಎಂದ ಹುಡುಗ.

‘ಕಣ್ಣು ಆಮೇಲೆ ಉಸಿರಾಡಲಿ ತಮ್ಮ. ಒಂದು ಹೆಸರು ಬಿಟ್ಟುಹೋದರೆ ನನಗೆ ಊರಿನಲ್ಲಿ ಉಸಿರಾಡಲಿಕ್ಕುಂಟಾ?’

ನಾವು ನಕ್ಕೆವು, ಹೆಸರುಗಳು ಬಂದವು, ಖಾಲಿ ಜಾಗ ಹೋಯಿತು. ಆವತ್ತು ನನಗೆ ಸಿಟ್ಟು ಬಂದಿತ್ತು. ಈಗ ಅಷ್ಟಿಲ್ಲ. ಆ ಪತ್ರಿಕೆಯನ್ನು ಚಿತ್ರವೆಂದು ನೋಡಿದರೆ ಗಿಜಿಗಿಜಿ, ಊರೆಂದು ನೋಡಿದರೆ ಪೂರ್ತಿ ಊರೇ ಅದರಲ್ಲಿದೆ. ಯಾರು ಯಾರ ಮುಂದೆ ಕೂರಬಹುದು, ಯಾರ ಮುನಿಸು ತಿಳಿಯಾಗಿದೆ, ಯಾವ ಮನೆತನಕ್ಕೆ ಈ ಸಲ ಗೌರವ ಸಂದಿದೆ ಎಂಬುದೆಲ್ಲ ಅಕ್ಷರದ ಗಾತ್ರದಲ್ಲೇ ತಿಳಿಯುತ್ತದೆ. ಓದಲು ಬಲ್ಲವನಿಗೆ ಅದೂ ಒಂದು ನಾರೀಕುಂಜರ.

ಆದರೂ ಖಾಲಿ ಜಾಗದ ಮೇಲಿನ ನನ್ನ ಮೋಹ ಬಿಟ್ಟಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕಾಪಿಟ್ಟ ಧವಲಾ ಗ್ರಂಥದ ತಾಳೆಗರಿಗಳಲ್ಲಿ ಹನ್ನೆರಡನೆಯ ಶತಮಾನದ ಆರಂಭದ ವರ್ಣಚಿತ್ರಗಳಿವೆ. ಒಂದೊಂದು ಗರಿಯೂ ಅಂಗೈಗಿಂತ ಕಿರಿದು, ಉದ್ದ ಮಾತ್ರ ಬಹಳ. ದಾರ ಪೋಣಿಸಲು ತೂತು ಬೇಕೇ ಬೇಕು, ತೂತಿನ ಸುತ್ತ ಬರೆಯುವ ಹಾಗಿಲ್ಲ. ಹೀಗೆ ತೊಂದರೆಯಾಗಿ ಬಂದ ಖಾಲಿಯನ್ನೇ ಲಿಪಿಕಾರರು ಪುಟದ ಅಂದವಾಗಿ ಮಾಡಿಕೊಂಡರು: ಸಾಲುಗಳು ಅಲ್ಲಿಗೆ ಬಂದು ನಿಂತು, ದಾಟಿ, ಮತ್ತೆ ಹೊರಡುತ್ತವೆ. ಪುಟವಿನ್ಯಾಸ ಎಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ಆ ತೂತನ್ನು ತೋರಿಸುತ್ತೇನೆ.

ಮತ್ತೂ ಕೇಳಿದರೆ ವೇಣೂರಿಗೆ ಕರೆದುಕೊಂಡು ಹೋಗುತ್ತೇನೆ. 1604ರಲ್ಲಿ ತಿಮ್ಮಣ್ಣ ಅಜಿಲ ಫಲ್ಗುಣಿಯ ದಂಡೆಯಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟ. ಬಟ್ಟೆಯಿಲ್ಲ, ಕಿರೀಟವಿಲ್ಲ, ಆಯುಧವಿಲ್ಲ, ವಾಹನವಿಲ್ಲ. ಗೆದ್ದ ರಾಜ್ಯವನ್ನು ಬಿಟ್ಟವನ ಕತೆಯನ್ನು ಹೇಳಲು ಶಿಲ್ಪಿ ಮಾಡಿದ್ದು ಒಂದೇ ಕೆಲಸ, ಕಲ್ಲಿನಿಂದ ಬೇಡದ್ದನ್ನೆಲ್ಲ ತೆಗೆದದ್ದು. ಕಾಲಿಗೆ, ತೋಳಿಗೆ ಹಬ್ಬಿದ ಬಳ್ಳಿಯೊಂದು ಉಳಿದಿದೆ. ಎಷ್ಟು ಕಾಲದಿಂದ ನಿಂತಿದ್ದಾನೆ ಎನ್ನುವುದನ್ನು ಬಳ್ಳಿಯೇ ಹೇಳುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. ಹಾಲು, ಅರಿಸಿನ, ಚಂದನ ಸುರಿದು, ಬಿಳಿ, ಹಳದಿ, ಕೆಂಪು ಬಣ್ಣಗಳು ಒಂದರ ಮೇಲೊಂದು ಮೈಮೇಲೆ ಇಳಿದು ಹೋಗುತ್ತವೆ. ಬಣ್ಣ ಹೇಗೆ ಬಳಸಬೇಕೆಂದರೆ ಹಾಗೆ: ಹೊತ್ತಿಗೆ ಬರಬೇಕು, ಹೊತ್ತಿಗೆ ಹೋಗಬೇಕು. ದಾರಿಯುದ್ದಕ್ಕೂ ಕಟ್ಟುವ ಫ್ಲೆಕ್ಸುಗಳಿಗೆ ಈ ಬುದ್ಧಿ ಬಂದಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರಕಾರ 2016ರಲ್ಲೇ ನಿಷೇಧಿಸಿದೆ. ನಿಷೇಧದ ಮೇಲೂ ನಮ್ಮ ನಾಯಕರು ಎರಡೂ ಕೈ ಮುಗಿದು ನಗುತ್ತಲೇ ಇದ್ದಾರೆ.

ಇನ್ನು ಒಂದು ಚಿತ್ರದ ಬೆಲೆ ಎಷ್ಟು ಎನ್ನುವ ಪ್ರಶ್ನೆ. ಇದಕ್ಕೂ ಉತ್ತರ ನಮ್ಮ ಮನೆಯಂಗಳದಲ್ಲೇ ಉಂಟು. ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಫೀಸು, ಮದುವೆಯ ಚಿನ್ನ ಎಲ್ಲ ಬೀಡಿಯಿಂದ ಬಂದದ್ದು. ತಾಯಂದಿರು ತಡ್ಪೆಯನ್ನು ಮಡಿಲಲ್ಲಿಟ್ಟು ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ, ಅಲ್ಲಿಂದ ಕಂಪನಿಗೆ. ಕೊನೆಗೆ ಅದರ ಮೇಲೊಂದು ಲೇಬಲ್ ಬೀಳುತ್ತದೆ. ಅಂಗಡಿಯಲ್ಲಿ ಕೊಳ್ಳುವವನಿಗೆ ಓದು ಬಾರದಿದ್ದರೂ ಲೇಬಲ್ ಗೊತ್ತು. ಗಣೇಶ ಇದ್ದರೆ ಕೊಡು, ಇಲ್ಲದಿದ್ದರೆ ಬೇಡ. ಆ ಚಿತ್ರದ ತಾಕತ್ತು ಎಷ್ಟೆಂದು ಕೋರ್ಟಿನಲ್ಲೇ ತೀರ್ಮಾನವಾಯಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸಿನ ಪಾಲುದಾರಿಕೆ ಮುರಿದು ಸಂಸ್ಥೆ ಹರಾಜಿಗೆ ಬಂದಾಗ, 1994ರಲ್ಲಿ ಪಾಲುದಾರರೊಳಗೇ ಬಿಡ್ಡು ಏರುತ್ತಾ ಹೋಗಿ 92 ಕೋಟಿ ರೂಪಾಯಿಗೆ ನಿಂತಿತು. ಅದರಲ್ಲಿ ಟ್ರೇಡ್‌ಮಾರ್ಕಿನ, ಲೇಬಲ್ಲಿನ ಕೃತಿಸ್ವಾಮ್ಯದ ಬೆಲೆಗೆ ಯಂತ್ರದ ಹಾಗೆ ಸವಕಳಿ ಲೆಕ್ಕ ಹಾಕಬಹುದೋ ಇಲ್ಲವೋ ಎಂದು ತೆರಿಗೆಯವರಿಗೂ ಸಂಸ್ಥೆಗೂ ವ್ಯಾಜ್ಯ ಬಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಾಕಬಹುದು ಎಂದು 2015ರಲ್ಲಿ ತೀರ್ಪು.

ಹೆಬ್ಬೆರಳಷ್ಟು ಜಾಗದ ಚಿತ್ರವನ್ನು ಮೊದಲು ಬರೆದವನಿಗೆ ಆ ದಿನ ಎಷ್ಟು ಕೊಟ್ಟಿರಬಹುದು ಎಂದು ಯೋಚಿಸುತ್ತೇನೆ. ಅದಲ್ಲದೆ ಈಗ ಆ ಹೆಬ್ಬೆರಳಿನ ಜಾಗದಲ್ಲೂ ಜಗಳ. 2016ರ ಎಪ್ರಿಲಿನಿಂದ ಕಟ್ಟಿನ ಮೇಲಿನ ಮುಖ್ಯ ಜಾಗದ ಶೇಕಡಾ 85ರಷ್ಟನ್ನು ರೋಗದ ಚಿತ್ರವಿರುವ ಎಚ್ಚರಿಕೆಗೆ ಬಿಡಬೇಕು. ಒಂದು ಚಿತ್ರ ಬಾ ಎನ್ನುತ್ತದೆ, ಪಕ್ಕದ್ದು ಬೇಡ ಎನ್ನುತ್ತದೆ. ಜಾಹೀರಾತನ್ನು ಮೆಚ್ಚಿ ಬರೆಯುವವರು ಈ ಕಟ್ಟನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಬೆರಗಿಗೆ ಒಳ್ಳೆಯದು ಕೆಟ್ಟದು ಎಂಬ ಭೇದ ಗೊತ್ತಾಗುವುದಿಲ್ಲ, ಅದು ಎರಡಕ್ಕೂ ಒಲಿಯುತ್ತದೆ. ಚಂದದ ಲೇಬಲ್ ಕಂಡಾಗ ನನಗೆ ಸಣ್ಣ ಅಳುಕೂ ಆಗುವುದು ಇದಕ್ಕೇ.

ಅಳುಕಿಲ್ಲದೆ ಬೆರಗಾಗಲು ನಾನು ಹೋಗುವ ಜಾಗ ಬೆಳ್ತಂಗಡಿ ತಾಲೂಕಿನಲ್ಲಿದೆ. ಉಜಿರೆಯ ಹತ್ತಿರ, ನಡ ಗ್ರಾಮದ ಸುರ್ಯದ ಸದಾಶಿವರುದ್ರ ದೇವಸ್ಥಾನ. ಅಲ್ಲಿಯದು ಮಣ್ಣಿನ ಹರಕೆ. ಮನೆ ಬೇಕಾದವರು ಮಣ್ಣಿನ ಮನೆ ಒಪ್ಪಿಸುತ್ತಾರೆ, ಮಗು ಬೇಕಾದವರು ತೊಟ್ಟಿಲನ್ನೋ ಮಗುವನ್ನೋ, ಕಾಲುನೋವಿನವರು ಒಂದು ಕಾಲನ್ನು. ದನ ಉಂಟು, ಕಾರು ಉಂಟು, ಕಂಪ್ಯೂಟರು ಕೂಡ. ಹರಕೆಯ ಬನದಲ್ಲಿ ಇವೆಲ್ಲ ರಾಶಿ ರಾಶಿಯಾಗಿ ಬಿದ್ದಿರುತ್ತವೆ. ಮಳೆಗೆ ನೆನೆದು, ಪಾಚಿ ಹಿಡಿದು, ಮನೆಯ ಮೇಲೆ ಕಾರು, ಕಾರಿನ ಮೇಲೆ ಕೈ.

ವಿಮಾನ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ ಭಾಷೆ ಬಾರದವನಿಗೂ ತಿಳಿಯುವ ಚಿಹ್ನೆಗಳನ್ನು ಮಾಡಲು ಜಗತ್ತಿನ ದೊಡ್ಡ ದೊಡ್ಡ ವಿನ್ಯಾಸಕರು ತಲೆ ಕೆಡಿಸಿಕೊಳ್ಳುತ್ತಾರೆ. ಸುರ್ಯದಲ್ಲಿ ಆ ಕೆಲಸವನ್ನು ಕುಂಬಾರರ ಕೈ ಸದ್ದಿಲ್ಲದೆ ಮಾಡಿಕೊಂಡು ಬಂದಿದೆ. ಮಾಡು, ಬಾಗಿಲು, ಅಷ್ಟಾದರೆ ಮನೆ. ನಾಲ್ಕು ಚಕ್ರ, ಒಂದು ಗೂಡು, ಅಷ್ಟಾದರೆ ಕಾರು. ಯಾವ ಕಂಪನಿಯದ್ದು ಎಂದು ದೇವರು ವಿಚಾರಿಸುವುದಿಲ್ಲ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಪ್ರೆಸ್ಸಿಗೆ ಬರುವ ಗಿರಾಕಿಗೆ ತನಗೆ ಏನು ಬೇಕೆಂದು ಗೊತ್ತಿರುವುದಿಲ್ಲ. ‘ಸ್ವಲ್ಪ ಗ್ರ್ಯಾಂಡಾಗಿ ಇರಲಿ’ ಎನ್ನುತ್ತಾನೆ. ಸುರ್ಯಕ್ಕೆ ಬರುವವನಿಗೆ ಏನು ಬೇಕೆಂಬುದು ಎಷ್ಟೋ ರಾತ್ರಿ ನಿದ್ದೆಗೆಟ್ಟು ಗಟ್ಟಿಯಾಗಿರುತ್ತದೆ. ಅಷ್ಟು ಗಟ್ಟಿಯಾದದ್ದು ಮುಷ್ಟಿಯಷ್ಟು ಮಣ್ಣಿನಲ್ಲಿ ಹಿಡಿಯುತ್ತದೆ.

ಇದನ್ನೆಲ್ಲ ನಾನು ಹೇಳುವಾಗ ತಂಗಿಯ ಮಗಳು ಮೊಬೈಲು ನೋಡುತ್ತಿದ್ದಳು. ವಿನ್ಯಾಸ ಓದುತ್ತಿರುವ ಹುಡುಗಿ, ರಜೆಗೆ ಬಂದವಳು. ತಲೆ ಎತ್ತದೆಯೇ ಕೇಳಿದಳು: ‘ಮಾವ, ಮನೆ, ಕಾರು ಸುಲಭ ಅಲ್ವಾ? ಆಕಾರ ಇಲ್ಲದ್ದನ್ನು ಕೇಳುವವರು ಎಂತ ಮಾಡ್ತಾರೆ? ಈಗ ಒಬ್ಬರಿಗೆ ನಿದ್ದೆ ಬರುವುದಿಲ್ಲ ಅಂತ ಇಟ್ಟುಕೊಳ್ಳಿ.’

ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಅವಳೇ ಗದ್ದೆಯ ಬದಿಯಿಂದ ಒಂದು ಹಿಡಿ ಮಣ್ಣು ತಂದು ಜಗಲಿಯಲ್ಲಿ ಕೂತಳು. ಮೊದಲು ಮುಚ್ಚಿದ ಕಣ್ಣು ಮಾಡಿದಳು, ಅದು ಕಣ್ಣು ಬೇನೆಯ ಹರಕೆಯ ಹಾಗೆ ಕಂಡಿತು. ಮಂಚ ಮಾಡಿದಳು, ದೇವರು ಹೊಸ ಮಂಚ ಕೊಟ್ಟು ಸುಮ್ಮನಾಗಬಹುದು ಎಂದು ಮುರಿದಳು. ಆಮೇಲೆ ತಲೆದಿಂಬು. ಉಬ್ಬಿದ, ನುಣ್ಣಗಿನ, ಮೂಲೆ ಉರುಟಾದ ಒಂದು ಮುದ್ದೆ.

‘ಇದಕ್ಕೆ ಬನ್ಸ್ ಕೊಟ್ಟಾರು’ ಎಂದರು ಒಳಗಿಂದ ಬಂದ ನನ್ನ ಅಮ್ಮ.

ಎಲ್ಲರೂ ನಕ್ಕೆವು. ಅವಳೂ ನಕ್ಕಳು, ಆದರೆ ಮಣ್ಣನ್ನು ಮುರಿಯಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ನಟ್ಟನಡುವೆ ಮೆಲ್ಲಗೆ ಒತ್ತಿದಳು. ತಲೆ ಇಟ್ಟು ಈಗಷ್ಟೇ ಎದ್ದುಹೋದ ಹಾಗೆ ಒಂದು ತಗ್ಗು ಬಿತ್ತು. ಇಲ್ಲದ ತಲೆ ನಮಗೆಲ್ಲ ಕಂಡಿತು.

‘ಈಗ ಆಯ್ತು, ಅಜ್ಜಿ?’

‘ಆಯ್ತು ಮಗ’ ಎಂದರು ಅಮ್ಮ, ಹತ್ತಿರ ಬಂದು ಕೂತು. ‘ಹಾಗಾದರೆ ಸಾಲಕ್ಕೆ ಎಂತ ಮಾಡುತ್ತಿ, ತೋರಿಸು ನೋಡುವ.’